ಪುರಾತನ ಪೀಠೋಪಕರಣಗಳಿಂದ ಗೃಹಾಲಂಕಾರ

ಪುರಾತನ ಪೀಠೋಪಕರಣಗಳಿಂದ ಗೃಹಾಲಂಕಾರ ಎಂದರೆ ಹಿಂದಿನ ತಲೆಮಾರುಗಳಲ್ಲಿ ತಯಾರಾದ ಮಂಚ, ಕುರ್ಚಿ, ಮೇಜು, ಪೆಟ್ಟಿಗೆ, ಕಪಾಟು, ತೊಟ್ಟಿಲು, ಬಾಗಿಲು, ಕಂಬ ಮೊದಲಾದ ಮರದ ವಸ್ತುಗಳನ್ನು ಇಂದಿನ ವಾಸದ ಮನೆಯಲ್ಲಿ ಬಳಕೆಗೂ ಅಂದಕ್ಕೂ ಹೊಂದಿಸಿಕೊಳ್ಳುವ ಪದ್ಧತಿ. ಜಗತ್ತಿನ ಪುರಾತನ ವಸ್ತುಗಳ ಮಾರುಕಟ್ಟೆಯಲ್ಲಿ ಫ್ರಾನ್ಸ್ ದೇಶದ 17ರಿಂದ 19ನೆಯ ಶತಮಾನದವರೆಗಿನ ಪೀಠೋಪಕರಣಗಳಿಗೆ ವಿಶೇಷ ಸ್ಥಾನವಿದೆ. ಕರ್ನಾಟಕದಲ್ಲಿ ಇದಕ್ಕೆ ಸಮಾನವಾಗಿ ನಿಲ್ಲುವ ಪರಂಪರೆಯು ಹಳೆಯ ವಾಡೆಗಳಲ್ಲಿಯೂ ಮಾಳಿಗೆ ಮನೆಗಳಲ್ಲಿಯೂ ಕಂಡುಬರುತ್ತದೆ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗದ ಮನೆಗಳು ಇದಕ್ಕೆ ಉತ್ತಮ ನಿದರ್ಶನಗಳು. ಈ ಮನೆಗಳು ಕಡಿಮೆಯಾಗುತ್ತಿರುವುದರಿಂದ ಅವುಗಳ ಮರಗೆಲಸವನ್ನು ಗುರುತಿಸುವುದು, ದಾಖಲಿಸುವುದು ಮತ್ತು ಕೆಡದಂತೆ ಬಳಸುವುದು ಈ ವಿಷಯದ ಮುಖ್ಯ ಭಾಗವಾಗಿದೆ.

ಪದಗಳ ಹಿನ್ನೆಲೆ

ಕನ್ನಡದಲ್ಲಿ ಪೀಠೋಪಕರಣಗಳಿಗೆ ಬಳಕೆಯಲ್ಲಿರುವ ಹೆಸರುಗಳೇ ಅವುಗಳ ಚರಿತ್ರೆಯನ್ನು ಸೂಚಿಸುತ್ತವೆ. ಮಣೆ, ಹೊರಸು, ತೊಟ್ಟಿಲು ಇವು ದೇಶ್ಯ ಪದಗಳು. ಮಂಚ, ಪೀಠ ಇವು ಸಂಸ್ಕೃತದಿಂದ ಬಂದವು. ಕುರ್ಚಿ ಹಾಗೂ ಸಂದೂಕು ಎಂಬ ಪದಗಳ ಮೂಲ ಅರಬ್ಬಿ. ಮೇಜು ಎಂಬುದರ ಮೂಲ ಪಾರಸಿ. ಅಲಮಾರು ಎಂಬ ಪದವು ಪೋರ್ಚುಗೀಸರ ‘ಅರ್ಮಾರಿಯು’ ಎಂಬ ಪದದಿಂದ ಬಂದಿದೆ. ಫ್ರೆಂಚರು ಬಟ್ಟೆಯ ದೊಡ್ಡ ಕಪಾಟಿಗೆ ಹೇಳುವ ‘ಆರ್ಮ್ವಾರ್’ ಎಂಬ ಪದವೂ ಅದೇ ಲ್ಯಾಟಿನ್ ಮೂಲದ್ದಾಗಿದೆ.

ನೆಲಕ್ಕೆ ಹತ್ತಿರವಾದ ಆಸನಗಳಿಗೆ ದೇಶ್ಯ ಹೆಸರುಗಳೂ ಎತ್ತರದ ಕುರ್ಚಿ, ಮೇಜುಗಳಿಗೆ ಎರವಲು ಹೆಸರುಗಳೂ ಇರುವುದು ಗಮನಾರ್ಹ. ಊಟ, ಓದು, ಲೆಕ್ಕಪತ್ರ, ಅತಿಥಿ ಸತ್ಕಾರ ಎಲ್ಲವೂ ನೆಲದ ಮೇಲೆ ಹಾಸಿದ ಜಮಖಾನ, ಗಾದಿ ಅಥವಾ ಮಣೆಯ ಮೇಲೆ ನಡೆಯುತ್ತಿದ್ದ ಜೀವನಕ್ರಮವನ್ನು ಇದು ತೋರಿಸುತ್ತದೆ.

ಫ್ರೆಂಚ್ ಶೈಲಿಗಳು

ಫ್ರೆಂಚ್ ಪೀಠೋಪಕರಣಗಳನ್ನು ಸಾಮಾನ್ಯವಾಗಿ ಆಯಾ ಅರಸರ ಹೆಸರಿನಿಂದ ಗುರುತಿಸಲಾಗುತ್ತದೆ.

14ನೆಯ ಲೂಯಿ (ಆಳ್ವಿಕೆ 1643–1715) ಶೈಲಿಯ ವಸ್ತುಗಳು ಭಾರವಾಗಿಯೂ ಸಮಪಾರ್ಶ್ವವಾಗಿಯೂ ಇದ್ದು ಅರಮನೆಯ ವೈಭವಕ್ಕೆ ತಕ್ಕಂತಿವೆ. ಆಮೆಯ ಚಿಪ್ಪು ಮತ್ತು ಹಿತ್ತಾಳೆಯ ತೆಳುಹಾಳೆಗಳನ್ನು ಒಂದರೊಳಗೊಂದು ಕೂರಿಸುವ ಕೆಲಸಕ್ಕೆ ಹೆಸರಾದ ಆಂದ್ರೆ ಶಾರ್ಲ್ ಬೂಲ್ (1642–1732) ಈ ಕಾಲದವನು.

15ನೆಯ ಲೂಯಿ (ಆಳ್ವಿಕೆ 1715–1774) ಕಾಲದಲ್ಲಿ ಬಾಗು, ಬಳುಕುಗಳು ಪ್ರಧಾನವಾದವು. ಒಳಕ್ಕೂ ಹೊರಕ್ಕೂ ಬಾಗಿದ ಕಾಲುಗಳು, ಶಂಖ ಮತ್ತು ಹೂಬಳ್ಳಿಯ ಕೆತ್ತನೆ, ಮೆತ್ತೆಯ ಆಸನಗಳು ಇದರ ಲಕ್ಷಣಗಳು. ತೆರೆದ ತೋಳುಗಳುಳ್ಳ ಕುರ್ಚಿಗೆ ‘ಫೋತೆಯ್’ ಎಂದೂ ತೋಳಿನ ಕೆಳಭಾಗವನ್ನು ಮುಚ್ಚಿದ ಕುರ್ಚಿಗೆ ‘ಬರ್ಜೇರ್’ ಎಂದೂ ಹೆಸರು. ಈ ಸಂದರ್ಭದಲ್ಲಿ ‘ಕಮೋಡ್’ ಎಂದರೆ ಸೆಳೆಖಾನೆಗಳುಳ್ಳ ಗಿಡ್ಡ ಕಪಾಟು. ಇಂದಿನ ಕನ್ನಡದ ಆಡುಮಾತಿನಲ್ಲಿರುವ ಅರ್ಥಕ್ಕೂ ಇದಕ್ಕೂ ಗೊಂದಲವಾಗಬಾರದು.

16ನೆಯ ಲೂಯಿ (ಆಳ್ವಿಕೆ 1774–1792) ಶೈಲಿಯಲ್ಲಿ ಮತ್ತೆ ನೇರ ಗೆರೆಗಳು ಬಂದವು. ಇಟಲಿಯ ಹರ್ಕ್ಯುಲೇನಿಯಂ ಮತ್ತು ಪೊಂಪೆಯಿ ನಗರಗಳ ಉತ್ಖನನವು ಪ್ರಾಚೀನ ರೋಮನ್ ಕಲೆಯ ಬಗ್ಗೆ ಹುಟ್ಟಿಸಿದ ಆಸಕ್ತಿ ಇದಕ್ಕೆ ಒಂದು ಕಾರಣ. ಕೆಳಕ್ಕೆ ಹೋದಂತೆ ಸಣ್ಣದಾಗುವ, ಉದ್ದಗೆರೆಗಳನ್ನು ಕೊರೆದ ಕಾಲುಗಳಿಂದ ಈ ಕುರ್ಚಿಗಳನ್ನು ಸುಲಭವಾಗಿ ಗುರುತಿಸಬಹುದು.

ನೆಪೋಲಿಯನ್ ಚಕ್ರವರ್ತಿಯಾಗಿದ್ದ ಕಾಲದ (1804–1815) ಶೈಲಿಗೆ ‘ಎಂಪೈರ್’ ಎಂದು ಹೆಸರು. ಗಾಢವರ್ಣದ ಮಹಾಗನಿ ಮರ, ಚಿನ್ನದ ನೀರು ಕೊಟ್ಟ ಕಂಚಿನ ಅಲಂಕಾರ, 1798ರ ಈಜಿಪ್ಟ್ ದಂಡಯಾತ್ರೆಯ ತರುವಾಯ ಜನಪ್ರಿಯವಾದ ಸಿಂಹನಾರಿಯಂತಹ ಚಿಹ್ನೆಗಳು ಇದರಲ್ಲಿ ಕಾಣುತ್ತವೆ.

ಅರಮನೆಯ ಶೈಲಿಗಳಲ್ಲದೆ ಹಳ್ಳಿಗಾಡಿನ ಫ್ರೆಂಚ್ ಪೀಠೋಪಕರಣಗಳದೇ ಒಂದು ಪ್ರತ್ಯೇಕ ವರ್ಗವಿದೆ. ಅಕ್ರೋಟು, ಓಕ್, ಚೆರ್ರಿ ಮೊದಲಾದ ಸ್ಥಳೀಯ ಮರಗಳಲ್ಲಿ ಊರ ಬಡಗಿಗಳು ಮಾಡಿದ ಇವು ಗಟ್ಟಿಮುಟ್ಟಾಗಿವೆ. ನಾರ್ಮಂಡಿ ಪ್ರಾಂತದಲ್ಲಿ ಮದುವೆಯಾಗುವ ಹೆಣ್ಣಿಗೆ ಕೆತ್ತನೆಯ ಬಟ್ಟೆಕಪಾಟನ್ನು ಕೊಡುವ ವಾಡಿಕೆ ಇತ್ತು. ಇಂದು ಗೃಹಾಲಂಕಾರಕ್ಕೆ ಹೆಚ್ಚು ಬಳಕೆಯಾಗುವುದು ಇಂತಹ ವಸ್ತುಗಳು ಮತ್ತು 19ನೆಯ ಶತಮಾನದಲ್ಲಿ ಹಳೆಯ ಶೈಲಿಗಳನ್ನು ಅನುಸರಿಸಿ ಮಾಡಿದ ಪ್ರತಿರೂಪಗಳು.

ಭಾರತದೊಂದಿಗೆ ಸಂಬಂಧ

ಪುದುಚೇರಿ, ಮಾಹೆ ಮುಂತಾದ ಫ್ರೆಂಚ್ ವಸಾಹತುಗಳಲ್ಲಿ ಸ್ಥಳೀಯ ಬಡಗಿಗಳು ಐರೋಪ್ಯ ಮಾದರಿಗಳನ್ನು ತೇಗ, ಬೀಟೆ ಮುಂತಾದ ಮರಗಳಲ್ಲಿ ತಯಾರಿಸಿದರು. ಮೆತ್ತೆಯ ಬದಲಿಗೆ ಬೆತ್ತದ ಹೆಣಿಗೆಯ ಆಸನವನ್ನು ಬಳಸಿದ್ದು ಇಲ್ಲಿನ ಸೆಕೆಗೆ ಹೊಂದಿಕೊಂಡ ಮುಖ್ಯ ಬದಲಾವಣೆ.

ಫ್ರಾನ್ಸಿನೊಂದಿಗೆ ಕರ್ನಾಟಕದ ರಾಜತಾಂತ್ರಿಕ ಸಂಬಂಧದ ಕಾಲಘಟ್ಟದಲ್ಲಿ ನರಗುಂದ ಮತ್ತು ಗಜೇಂದ್ರಗಡಗಳ ಹೆಸರೂ ಬರುತ್ತದೆ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ನರಗುಂದಕ್ಕೆ ಮುತ್ತಿಗೆ ಹಾಕಿತು. ಮರಾಠರೊಂದಿಗೆ ನಡೆದ ಆ ಯುದ್ಧವು 1787ರ ಗಜೇಂದ್ರಗಡ ಒಪ್ಪಂದದಿಂದ ಮುಕ್ತಾಯವಾಯಿತು. ಅದೇ ವರ್ಷ ಟಿಪ್ಪು ಕಳುಹಿಸಿದ ರಾಯಭಾರಿಗಳು ಪುದುಚೇರಿಯಿಂದ ಹೊರಟು, 1788ರ ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ 16ನೆಯ ಲೂಯಿಯನ್ನು ಕಂಡರು. ಆದರೆ ಈ ಸಂಬಂಧ ಆಸ್ಥಾನಗಳ ಮಟ್ಟದ್ದು. ಬಯಲುಸೀಮೆಯ ಮನೆಗಳ ಮರಗೆಲಸವು ಸ್ಥಳೀಯ ಬಡಿಗೇರರ ಕೈಯಿಂದಲೇ ಬೆಳೆದದ್ದು.

ಫ್ರೆಂಚ್ ವಸ್ತುಗಳನ್ನು ನೇರವಾಗಿ ನೋಡಬಯಸುವವರಿಗೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಫ್ರೆಂಚ್ ಪೀಠೋಪಕರಣಗಳ ಸಂಗ್ರಹವಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿರುವ ಫ್ರೆಂಚ್ ಸಂಗೀತ ಗಡಿಯಾರವೂ ಪ್ರಸಿದ್ಧವಾಗಿದೆ.

ರೋಣ, ನರಗುಂದ, ಗಜೇಂದ್ರಗಡ ಭಾಗದ ಮನೆಗಳು

ಈ ಮೂರು ಊರುಗಳು ಗದಗ ಜಿಲ್ಲೆಯ ಉತ್ತರ ಭಾಗದಲ್ಲಿವೆ. 1997ರಲ್ಲಿ ಗದಗ ಜಿಲ್ಲೆ ರಚನೆಯಾಗುವವರೆಗೆ ಇವು ಧಾರವಾಡ ಜಿಲ್ಲೆಗೆ ಸೇರಿದ್ದವು. ಇಲ್ಲಿಯದು ಬಹುಪಾಲು ಕಪ್ಪು ಎರೆಭೂಮಿ, ಮಳೆ ಕಡಿಮೆ. ಆದ್ದರಿಂದ ಇಳಿಜಾರು ಹೆಂಚಿನ ಮನೆಗಳಿಗಿಂತ ದಪ್ಪ ಗೋಡೆಯ, ಸಮತಟ್ಟಾದ ಮಣ್ಣಿನ ಮಾಳಿಗೆಯ ಮನೆಗಳು ಇಲ್ಲಿ ರೂಢಿಗೆ ಬಂದವು.

ಮಣ್ಣಿನ ಮಾಳಿಗೆ ಬಹಳ ಭಾರವಾದುದು. ಅದನ್ನು ಹೊರಲು ಕಲ್ಲಿನ ಅಡಿಪೀಠದ ಮೇಲೆ ಮರದ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಕೊನೆಗೆ ಮಣ್ಣು ಎಂಬ ಕ್ರಮವಿದೆ. ಮನೆಯ ಭಾರವೆಲ್ಲ ಮರದ ಮೇಲೆಯೇ ನಿಲ್ಲುವುದರಿಂದ ಉತ್ತಮ ಮರವನ್ನು ಆರಿಸುವುದು ಅನಿವಾರ್ಯವಾಗಿತ್ತು. ಎರೆಸೀಮೆಯಲ್ಲಿ ಬೇವು, ಜಾಲಿಯಂತಹ ಮರಗಳು ದೊರೆತರೂ ತೇಗವು ಪಶ್ಚಿಮಘಟ್ಟದ ಕಾಡುಗಳಿಂದ ಬರಬೇಕಾಗಿತ್ತು. ಹೀಗಾಗಿ ತೇಗದ ಕಂಬಗಳ ಪಡಸಾಲೆಯು ಮನೆತನದ ಅನುಕೂಲವನ್ನು ಸೂಚಿಸುತ್ತಿತ್ತು.

ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿ ಮುಂತಾದ ವತನದಾರ ಮನೆತನಗಳ ದೊಡ್ಡ ಮನೆಗೆ ವಾಡೆ ಎಂದು ಹೆಸರು. ವಾಡೆಯ ತಲಬಾಗಿಲು ಎತ್ತರವಾಗಿದ್ದು, ದಪ್ಪ ಹಲಗೆಗಳಿಗೆ ಕಬ್ಬಿಣದ ಪಟ್ಟಿಗಳನ್ನೂ ಗುಬ್ಬಿಗಳನ್ನೂ ಬಡಿದಿರುತ್ತಾರೆ. ಚೌಕಟ್ಟಿನ ಮೇಲ್ಪಟ್ಟಿಯ ನಡುವೆ ಕಮಲ, ಗಣಪತಿ ಅಥವಾ ಗಜಲಕ್ಷ್ಮಿಯ ಕೆತ್ತನೆ ಇರುವುದುಂಟು. ಒಳಗಿನ ಬೋದಿಗೆಗಳ ಬಾಗು ಮತ್ತು ಮೊಗ್ಗಿನ ತುದಿಗಳು ಈ ಭಾಗದ ಹಳೆಯ ಗುಡಿಗಳ ಕಲ್ಲಿನ ಬೋದಿಗೆಗಳನ್ನು ನೆನಪಿಗೆ ತರುತ್ತವೆ.

ಮನೆಯೊಳಗಿನ ವಸ್ತುಗಳು

ಪಡಸಾಲೆಯಲ್ಲಿ ಹಿತ್ತಾಳೆ ಅಥವಾ ಕಬ್ಬಿಣದ ಸರಪಳಿಗಳಿಂದ ತೂಗುಬಿಟ್ಟ ತೂಗುಮಂಚ, ಗೋಡೆಯ ಬದಿಗೆ ಗಾದಿ ಮತ್ತು ಲೋಡು, ಲೆಕ್ಕ ಬರೆಯಲು ಇಳಿಜಾರು ಮುಚ್ಚಳದ ಗಿಡ್ಡ ಮೇಜು ಇರುತ್ತಿದ್ದವು. ಒಳಮನೆಯಲ್ಲಿ ಬಟ್ಟೆ ಹಾಗೂ ಒಡವೆಗಳಿಗೆ ಸಂದೂಕು, ಊಟಕ್ಕೆ ಮಣೆ, ತಟ್ಟೆಯನ್ನು ಇಡಲು ಅಡ್ಡಣಿಗೆ, ಮಲಗಲು ಹಗ್ಗ ಹೆಣೆದ ಹೊರಸು ಬಳಕೆಯಲ್ಲಿದ್ದವು. ಬಾಗಿಲಿನ ಹಲಗೆಗಳುಳ್ಳ ಗೋಡೆಯೊಳಗಿನ ಮಾಡವೇ ಅನೇಕ ಮನೆಗಳಲ್ಲಿ ಕಪಾಟಿನ ಕೆಲಸ ಮಾಡುತ್ತಿತ್ತು. ಕೈತೋಳು ಅಗಲವಾಗಿರುವ ಆರಾಮ ಕುರ್ಚಿ, ಬೆತ್ತದ ಕುರ್ಚಿ, ಕನ್ನಡಿಯ ಮೇಜು ಇವು ಬ್ರಿಟಿಷ್ ಆಡಳಿತದ ಕಾಲದಲ್ಲಿ ಸೇರಿಕೊಂಡವು.

ಊರಿನ ಬಡಿಗೇರರು ಕೃಷಿ ಉಪಕರಣಗಳನ್ನೂ ಮನೆಯ ಮರಗೆಲಸವನ್ನೂ ಮಾಡುತ್ತಿದ್ದರು. ಕೂರಿಗೆ, ಕುಂಟೆ, ಬಂಡಿಗಳ ಕೆಲಸಕ್ಕೆ ಸುಗ್ಗಿಯಲ್ಲಿ ರೈತರಿಂದ ಕಾಳಿನ ರೂಪದಲ್ಲಿ ಆಯ ಪಡೆಯುವುದು ವಾಡಿಕೆಯಾಗಿತ್ತು.

ನೆರೆಯ ಊರುಗಳ ಕಸುಬುಗಳೂ ಈ ಮನೆಗಳನ್ನು ತುಂಬಿವೆ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಉತ್ತರ ಕರ್ನಾಟಕದಾದ್ಯಂತ ಹೆಸರಾಗಿದೆ. ಮರದ ಮೇಲೆ ರಾಮಾಯಣ, ಮಹಾಭಾರತ ಮತ್ತು ಕೃಷ್ಣಲೀಲೆಯ ಚಿತ್ರಗಳನ್ನು ಬರೆದು ಅರಗಿನ ಹೊಳಪು ಕೊಡುವ ಈ ತೊಟ್ಟಿಲನ್ನು ಒಂದೇ ಮನೆತನದ ಹಲವು ತಲೆಮಾರಿನ ಮಕ್ಕಳಿಗೆ ಕಟ್ಟುವುದುಂಟು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ದೇವತಾಮೂರ್ತಿ, ಗೊಂಬೆ, ಪಲ್ಲಕ್ಕಿಗಳನ್ನು ಮಾಡುತ್ತಾರೆ. ನರಗುಂದದ ನೆರೆಯ ನವಲಗುಂದದ ಜಮಖಾನಗಳಲ್ಲಿ ನವಿಲು ಹಾಗೂ ಪಗಡೆ ಹಾಸಿನ ವಿನ್ಯಾಸಗಳಿವೆ. ಕಿನ್ನಾಳದ ಗೊಂಬೆ ಮತ್ತು ನವಲಗುಂದದ ಜಮಖಾನ ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ವಸ್ತುಗಳು ಚದುರುವ ಬಗೆ

ಪುರಾತನ ಪೀಠೋಪಕರಣಗಳ ಮಾರುಕಟ್ಟೆ ಬಹುತೇಕ ಒಂದು ಮನೆಯ ಒಡೆಯುವಿಕೆಯಿಂದ ಆರಂಭವಾಗುತ್ತದೆ. ಫ್ರೆಂಚ್ ಕ್ರಾಂತಿಯ ನಂತರ 1793–94ರಲ್ಲಿ ವರ್ಸೇಲ್ಸ್ ಅರಮನೆಯ ವಸ್ತುಗಳನ್ನು 17,000ಕ್ಕೂ ಹೆಚ್ಚು ಬಿಡಿ ಭಾಗಗಳಾಗಿ ಹರಾಜು ಹಾಕಲಾಯಿತು. ಹಾಗೆ ಹೋದ ವಸ್ತುಗಳನ್ನು ಹುಡುಕಿ ಮರಳಿ ತರುವ ಕೆಲಸವನ್ನು ಅರಮನೆಯ ವಸ್ತುಸಂಗ್ರಹಾಲಯ ಇಂದಿಗೂ ನಡೆಸುತ್ತಿದೆ.

ನರಗುಂದದ ಅರಸ ಬಾಬಾಸಾಹೇಬ ಭಾವೆಯವರು 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದರು. ಅವರನ್ನು ಗಲ್ಲಿಗೇರಿಸಿದ ನಂತರ ಸಂಸ್ಥಾನವು ಬ್ರಿಟಿಷರ ವಶವಾಗಿ, ಅಲ್ಲಿಯ ರಾಜಾಶ್ರಯವು ಕೊನೆಗೊಂಡಿತು. ಸ್ವಾತಂತ್ರ್ಯಾನಂತರ ವತನಗಳ ರದ್ದತಿ ಮತ್ತು ಭೂಸುಧಾರಣೆಯಿಂದ ದೊಡ್ಡ ವಾಡೆಗಳನ್ನು ನಿರ್ವಹಿಸುವ ಆದಾಯ ಮೂಲಗಳು ಕುಗ್ಗಿದವು. ಅವಿಭಕ್ತ ಕುಟುಂಬಗಳು ಪಾಲಾದಾಗ ಪಡಸಾಲೆಯ ನಡುವೆಯೇ ಗೋಡೆಗಳು ಎದ್ದವು. 2009 ಮತ್ತು 2019ರ ಮಲಪ್ರಭಾ ಪ್ರವಾಹಗಳು ನರಗುಂದ ಹಾಗೂ ರೋಣ ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಮನೆಗಳಿಗೆ ತೀವ್ರ ಹಾನಿ ಮಾಡಿದವು. ಕಾಂಕ್ರೀಟಿನ ಚಿಕ್ಕ ಮನೆಗಳಿಗೆ ತೂಗುಮಂಚವಾಗಲಿ ದೊಡ್ಡ ಸಂದೂಕಾಗಲಿ ಹಿಡಿಸುವುದಿಲ್ಲ.

ಮನೆ ಕೆಡವುವಾಗ ಕಂಬ, ಬಾಗಿಲು, ತೊಲೆಗಳನ್ನು ಸಾಮಾನ್ಯವಾಗಿ ಹಳೆಯ ಮರದ ಲೆಕ್ಕದಲ್ಲಿ ಮಾರಲಾಗುತ್ತದೆ. ಕೆತ್ತನೆಯ ಶ್ರಮಕ್ಕಾಗಲಿ ವಯಸ್ಸಿಗಾಗಲಿ ಬೆಲೆ ಕಟ್ಟುವುದು ವಿರಳ. ಅದೇ ಬಾಗಿಲು ನಗರದಲ್ಲಿ ಗಾಜಿನ ಹೊದಿಕೆಯ ಮೇಜಾಗಿ, ಕಂಬವು ಹೋಟೆಲಿನ ಅಲಂಕಾರವಾಗಿ ಮರುಮಾರಾಟವಾಗುತ್ತದೆ. ಆ ವೇಳೆಗೆ ಅದು ಯಾವ ಊರಿನದು, ಯಾವ ಮನೆಯದು ಎಂಬ ಮಾಹಿತಿ ಅಳಿಸಿಹೋಗಿರುತ್ತದೆ.

ಗುರುತಿಸುವ ಕ್ರಮ

ಹಳೆಯ ವಸ್ತುವನ್ನು ಗುರುತಿಸಲು ಈ ಲಕ್ಷಣಗಳನ್ನು ಪರಿಶೀಲಿಸಲಾಗುತ್ತದೆ:

ಜೋಡಣೆ: ಕೈಯಿಂದ ಮಾಡಿದ ಕೆಲಸದಲ್ಲಿ ಹಲ್ಲುಜೋಡಣೆಗಳು ಪರಸ್ಪರ ಸ್ವಲ್ಪ ಭಿನ್ನವಾಗಿರುತ್ತವೆ; ಯಂತ್ರದ ಕೆಲಸದಲ್ಲಿ ಎಲ್ಲವೂ ಒಂದೇ ಅಳತೆಯಲ್ಲಿರುತ್ತವೆ.

ಗರಗಸದ ಗುರುತು: ಹಿಂಬದಿಯ ಹಲಗೆಯಲ್ಲಿ ಕಮಾನಿನಾಕಾರದ ಗೆರೆಗಳಿದ್ದರೆ ಅದನ್ನು ಯಂತ್ರದ ಚಕ್ರಗರಗಸದಿಂದ ಸೀಳಿದ್ದಾರೆಂದು ತಿಳಿಯಬಹುದು.

ಸವೆತ: ಕುರ್ಚಿಯ ತೋಳು, ಸೆಳೆಖಾನೆಯ ಅಂಚು, ಹೊಸ್ತಿಲಿನ ನಡುಭಾಗ ಹೀಗೆ ಕೈಕಾಲು ತಾಗುವ ಕಡೆ ಮಾತ್ರ ಸವೆತ ಸಹಜ. ಎಲ್ಲೆಡೆ ಸಮನಾದ ಸವೆತವಿದ್ದರೆ ಅದು ಕೃತಕವಾಗಿರುವ ಸಾಧ್ಯತೆ ಹೆಚ್ಚು.

ಮುದ್ರೆ: ಪ್ಯಾರಿಸಿನ ಬಡಗಿಗಳ ಸಂಘವು 18ನೆಯ ಶತಮಾನದ ಮಧ್ಯಭಾಗದಿಂದ, 1791ರಲ್ಲಿ ಸಂಘಗಳು ರದ್ದಾಗುವವರೆಗೆ, ತನ್ನ ಸದಸ್ಯರು ವಸ್ತುವಿನ ಮೇಲೆ ಹೆಸರಿನ ಮುದ್ರೆ ಒತ್ತಬೇಕೆಂಬ ನಿಯಮವನ್ನು ಪಾಲಿಸುತ್ತಿತ್ತು. ಕರ್ನಾಟಕದ ಹಳೆಯ ಮರಗೆಲಸದಲ್ಲಿ ಬಡಗಿಯ ಹೆಸರು ಸಿಗುವುದು ಅಪರೂಪ; ಆದುದರಿಂದ ಮನೆತನದ ನೆನಪು ಮತ್ತು ಕಾಗದಪತ್ರಗಳೇ ಇಲ್ಲಿ ಮುಖ್ಯ ಆಧಾರ.

ಮುದ್ರೆಯೊಂದನ್ನೇ ನಂಬುವುದು ಸುರಕ್ಷಿತವಲ್ಲ. ವರ್ಸೇಲ್ಸ್ ಅರಮನೆಯೇ 18ನೆಯ ಶತಮಾನದವೆಂದು ಕೊಂಡ ಕುರ್ಚಿಗಳು ನಕಲಿ ಎಂಬ ಸಂಗತಿ 2016ರಲ್ಲಿ ಬೆಳಕಿಗೆ ಬಂದಿತು.

ಮನೆಯಲ್ಲಿ ಹೊಂದಿಸುವ ಕ್ರಮ

ಪುರಾತನ ವಸ್ತುಗಳಿಂದ ಕೋಣೆಯನ್ನು ತುಂಬುವುದಕ್ಕಿಂತ ಒಂದು ಅಥವಾ ಎರಡು ಪ್ರಮುಖ ವಸ್ತುಗಳಿಗೆ ಸುತ್ತಲೂ ಬಿಡುವು ಕೊಡುವುದು ರೂಢಿಯ ನಿಯಮ. ಕೊಳ್ಳುವ ಮುನ್ನ ಕೋಣೆಯ ಜೊತೆಗೆ ಬಾಗಿಲು ಹಾಗೂ ಮೆಟ್ಟಿಲುಗಳ ಅಳತೆಯನ್ನೂ ತೆಗೆದುಕೊಳ್ಳಬೇಕಾಗುತ್ತದೆ. ತೂಗುಮಂಚವನ್ನು ಕಾಂಕ್ರೀಟ್ ಛಾವಣಿಗೆ ಹಾಕುವುದಾದರೆ ಕೊಂಡಿಯನ್ನು ತೊಲೆಯೊಳಗೆ ಭದ್ರಪಡಿಸಬೇಕು. ಛಾವಣಿಯ ತೆಳುಭಾಗದಲ್ಲಿ ಮೊಳೆ ಬಡಿದು ತೂಗುಬಿಡುವುದು ಅಪಾಯಕರ.

ಭಿನ್ನ ಪರಂಪರೆಯ ವಸ್ತುಗಳನ್ನು ಒಂದೇ ಕಡೆ ಇಡುವಾಗ ಮರದ ಬಣ್ಣ, ಎತ್ತರ ಮತ್ತು ಭಾರಗಳಲ್ಲಿ ಸಾಮ್ಯವಿದ್ದರೆ ಹೊಂದಿಕೆ ಕಾಣುತ್ತದೆ. 16ನೆಯ ಲೂಯಿ ಮಾದರಿಯ ನೇರ ಕಾಲುಗಳ ಕುರ್ಚಿಯ ಕೆಳಗೆ ನವಲಗುಂದದ ಜಮಖಾನವನ್ನು ಹಾಸಬಹುದು. ಸಂದೂಕನ್ನು ಗೋಡೆಯ ಬದಿಯ ಆಸನವಾಗಿಯೂ, ಅಡ್ಡಣಿಗೆಯನ್ನು ದೀಪ ಅಥವಾ ಪುಸ್ತಕ ಇಡಲೂ ಬಳಸಬಹುದು. ವಸ್ತುವನ್ನು ಕತ್ತರಿಸದೆ, ತೂತು ಕೊರೆಯದೆ, ಮತ್ತೆ ಮೊದಲಿನ ಬಳಕೆಗೆ ತರಲು ಸಾಧ್ಯವಾಗುವಂತೆ ಹೊಂದಿಸುವುದು ಉತ್ತಮ ಕ್ರಮವೆನಿಸಿದೆ.

ಆರೈಕೆ

ಬಿಸಿಲು, ತೇವ ಮತ್ತು ಕೀಟಗಳು ಮರಕ್ಕೆ ಮುಖ್ಯ ಶತ್ರುಗಳು. ತೆಳುಹಾಳೆಗಳನ್ನು ಪ್ರಾಣಿಜನ್ಯ ಅಂಟಿನಿಂದ ಅಂಟಿಸಿದ ಫ್ರೆಂಚ್ ವಸ್ತುಗಳು ಬೇಸಿಗೆಯ ಒಣಹವೆಗೂ ಮಳೆಗಾಲದ ತೇವಕ್ಕೂ ನಡುವಿನ ಏರಿಳಿತದಿಂದ ಬೇಗ ಬಿರುಕುಬಿಡುತ್ತವೆ. ಗಟ್ಟಿ ತೇಗದ ವಸ್ತುಗಳು ಹೆಚ್ಚು ತಾಳಿಕೊಳ್ಳುತ್ತವೆ. ತೇಗದಲ್ಲಿರುವ ನೈಸರ್ಗಿಕ ಎಣ್ಣೆಯಂಶವು ಒರಲೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ವಸ್ತುವಿನ ಕೆಳಗೆ ಸಣ್ಣ ಹಿಟ್ಟಿನಂತಹ ಪುಡಿ ಬೀಳುತ್ತಿದ್ದರೆ ಕೊರೆಯುವ ಹುಳು ಇನ್ನೂ ಜೀವಂತವಾಗಿದೆ ಎಂದರ್ಥ.

ದಿನನಿತ್ಯ ಮೆತ್ತನೆಯ ಒಣಬಟ್ಟೆಯಿಂದ ಒರೆಸುವುದು, ಕೆಲವು ತಿಂಗಳಿಗೊಮ್ಮೆ ಜೇನುಮೇಣವನ್ನು ತೆಳ್ಳಗೆ ತಿಕ್ಕುವುದು ಸಾಕಾಗುತ್ತದೆ. ಉಪ್ಪುಕಾಗದದಿಂದ ಉಜ್ಜುವುದು, ಎಣ್ಣೆಬಣ್ಣ ಬಳಿಯುವುದು ಹಳೆಯ ಮೇಲ್ಮೈಯನ್ನು ಶಾಶ್ವತವಾಗಿ ನಾಶಮಾಡುತ್ತವೆ. ‘ಫ್ರೆಂಚ್ ಪಾಲಿಶ್’ ಎಂದು ಹೆಸರಾದ ಲೇಪವು ಅರಗಿನ ಚಕ್ಕೆಗಳನ್ನು ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಹಲವು ತೆಳುಪದರಗಳಾಗಿ ಹಚ್ಚುವ ವಿಧಾನ. ಹೆಸರು ಫ್ರೆಂಚಾದರೂ ಅರಗು ಭಾರತದ ಪ್ರಮುಖ ಉತ್ಪನ್ನ. ಚನ್ನಪಟ್ಟಣದ ಗೊಂಬೆಗಳ ಹೊಳಪಿಗೂ ಅರಗೇ ಕಾರಣ.

ಕಾನೂನು

ಭಾರತದಲ್ಲಿ 1972ರ ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ, ಕನಿಷ್ಠ 100 ವರ್ಷಗಳಷ್ಟು ಹಳೆಯದಾದ, ಚಾರಿತ್ರಿಕ ಅಥವಾ ಕಲಾತ್ಮಕ ಮಹತ್ವದ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಕಟ್ಟಡದಿಂದ ಬೇರ್ಪಡಿಸಿದ ಭಾಗಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿ ವ್ಯಕ್ತಿಗಳು ಇವನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಬೀಟೆ ಮರವು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ದಂತ ಅಥವಾ ಆಮೆಯ ಚಿಪ್ಪು ಕೂರಿಸಿದ ವಸ್ತುಗಳಿಗೆ ವನ್ಯಜೀವಿ ಸಂರಕ್ಷಣಾ ಕಾನೂನುಗಳೂ ಅನ್ವಯಿಸುತ್ತವೆ.

100 ವರ್ಷ ತುಂಬದ ವಸ್ತುಗಳಿಗೆ ಈ ರಕ್ಷಣೆ ಸಾಮಾನ್ಯವಾಗಿ ದೊರೆಯುವುದಿಲ್ಲ. 1950ರ ದಶಕದಲ್ಲಿ ಪಿಯೇರ್ ಜಾನ್ನರೆ ಮತ್ತು ಸಂಗಡಿಗರು ಚಂಡೀಗಢದ ಸರಕಾರಿ ಕಟ್ಟಡಗಳಿಗಾಗಿ ರೂಪಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳು ಹಳೆಯ ಸಾಮಾನುಗಳೆಂದು ವಿಲೇವಾರಿಯಾಗಿ, ತರುವಾಯ ವಿದೇಶಗಳ ಹರಾಜುಗಳಲ್ಲಿ ಭಾರಿ ಬೆಲೆಗೆ ಮಾರಾಟವಾದದ್ದು ಇದಕ್ಕೆ ಪ್ರಸಿದ್ಧ ಉದಾಹರಣೆ.

ಸಂರಕ್ಷಣೆ

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಸ್ಥಾಪಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ನಾಡಿನ ಹಲವು ಭಾಗಗಳ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಲಾಗಿದೆ. ಗಜೇಂದ್ರಗಡಕ್ಕೆ ಸಮೀಪದ ಕುಕನೂರಿನ ಕಮಲಮಹಲ್ ಮತ್ತು ಮುಧೋಳ ಅರಮನೆಯ ದರ್ಬಾರ್ ಹಾಲ್ ಅಲ್ಲಿವೆ. ಚೆನ್ನೈ ಸಮೀಪದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯನ್ನು ಮರುನಿರ್ಮಿಸಲಾಗಿದೆ. ಇಂತಹ ಸಂಸ್ಥೆಗಳು ಉಳಿಸಬಲ್ಲ ಮನೆಗಳ ಸಂಖ್ಯೆ ಸೀಮಿತವಾದುದು.

ಉಳಿದ ಮನೆಗಳ ವಿಷಯದಲ್ಲಿ ದಾಖಲಾತಿಯೇ ಸುಲಭವಾದ ಮೊದಲ ಹೆಜ್ಜೆ. ಕೆಡಹುವ ಮುನ್ನ ಎಲ್ಲ ದಿಕ್ಕುಗಳಿಂದ ಛಾಯಾಚಿತ್ರ ತೆಗೆಯುವುದು, ಕಂಬ ಹಾಗೂ ಬಾಗಿಲುಗಳ ಅಳತೆ ಬರೆದಿಡುವುದು, ಬಿಚ್ಚಿದ ಭಾಗಗಳಿಗೆ ಕ್ರಮಸಂಖ್ಯೆ ಹಾಕುವುದು, ಮನೆಯ ಹಿರಿಯರಿಂದ ಪ್ರತಿಯೊಂದು ವಸ್ತುವಿನ ಸ್ಥಳೀಯ ಹೆಸರು, ಬಳಕೆ ಮತ್ತು ಮಾಡಿದವರ ವಿವರವನ್ನು ಕೇಳಿ ಬರೆದುಕೊಳ್ಳುವುದು ಇದರಲ್ಲಿ ಸೇರುತ್ತವೆ. ಶಾಲಾ ವಿದ್ಯಾರ್ಥಿಗಳು ಸಹ ಮಾಡಬಹುದಾದ ಕೆಲಸವಿದು. ಬಾಗಿಲಿನ ಜೊತೆಗೆ ಇಂತಹ ಒಂದು ಪುಟದ ವಿವರವಿದ್ದರೆ, ಅದು ಮುಂದೆ ಯಾವ ಊರಿನ ಯಾವ ಮನೆಯನ್ನು ಸೇರಿದರೂ ತನ್ನ ಮೂಲವನ್ನು ಕಳೆದುಕೊಳ್ಳುವುದಿಲ್ಲ.